ಬಾಟಲಿ ಬಿದ್ದ ಮೇಲೆ ಬದಲಾದ ತೀರ್ಪು: ಸರಿಯಾಗಿದ್ದರೂ ಒಪ್ಪಬೇಕಾ?

ವಾಕಡ್ ಬೆಣ್ಣೆದೋಸೆ:

ಪುಣೆ, ಮುಂಬೈ ಕಡೆ ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವ ಕನ್ನಡದವರು ಇದ್ದರೆ ಒಂದು ಪ್ರಶ್ನೆ. ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಆಡ್ತಾರಲ್ಲ, ಅದು. ನಮ್ಮ ಕ್ಲೈಂಟ್ ಆಸ್ಟಿನ್‌ನವರು. ಸೋಮವಾರದ ಕಾಲ್‌ನಲ್ಲಿ ಮೊದಲ ಹತ್ತು ನಿಮಿಷ ಟೆಕ್ಸಸ್ ಮ್ಯಾಚಿನ ಮಾತೇ. ಹಾಗಾಗಿ ಹಿಂಜವಡಿಯಲ್ಲಿ ಕೂತಿರುವ ನಮ್ಮ ಟೀಮ್ ಪೂರ್ತಿ ಟೆಕ್ಸಸ್ ಪಾರ್ಟಿ. ನಾನೂ ಅಷ್ಟೇ.

ವಿಷಯ ಹಳೆಯದು, ಆದರೆ ಆಫೀಸಿನಲ್ಲಿ ಇನ್ನೂ ಮುಗಿದಿಲ್ಲ. 2024ರ ಅಕ್ಟೋಬರ್ 19ಕ್ಕೆ ಆಸ್ಟಿನ್‌ನಲ್ಲೇ ನಡೆದ ಟೆಕ್ಸಸ್–ಜಾರ್ಜಿಯಾ ಮ್ಯಾಚ್. ರ‍್ಯಾಂಕಿಂಗ್‌ನಲ್ಲಿ ನಾವು ನಂಬರ್ 1, ಅವರು ನಂಬರ್ 5. ನಮಗೆ ಇಲ್ಲಿ ಭಾನುವಾರ ಬೆಳಗಿನ ಜಾವ 5 ಗಂಟೆ. ಅದೇ ದಿನ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್‌ಗೆ ಗೆಲ್ಲಲು 107 ರನ್ ಬೇಕಿತ್ತು. ಭಾರತ 46ಕ್ಕೆ ಆಲೌಟ್ ಆದ ಟೆಸ್ಟ್ ಅದು. ಒಟ್ಟಿನಲ್ಲಿ ಕೆಟ್ಟ ಭಾನುವಾರ.

ಹಾಫ್‌ಟೈಮ್‌ಗೆ ಟೆಕ್ಸಸ್ 0–23. ಮೂರನೇ ಕ್ವಾರ್ಟರ್‌ನಲ್ಲಿ ಹೇಗೋ 8–23 ಆಯಿತು. ಆಗ ಜಾರ್ಜಿಯಾದ ಕಾರ್ಸನ್ ಬೆಕ್ ಎಸೆದ ಚೆಂಡನ್ನು ನಮ್ಮ ಜಾಡೇ ಬ್ಯಾರನ್ ನಡುವೆಯೇ ಹಿಡಿದು, ಅವರ 9 ಯಾರ್ಡ್ ಗೆರೆಯವರೆಗೂ ಓಡಿದ. ನಾನು ಕುರ್ಚಿ ಬಿಟ್ಟು ಎದ್ದಿದ್ದೆ. ನೋಡಿದರೆ ಫೌಲ್ ಅಂತ ಹಳದಿ ಫ್ಲ್ಯಾಗ್ ಬಿದ್ದಿದೆ. ಬ್ಯಾರನ್ ಮೇಲೆ ಪಾಸ್ ಇಂಟರ್‌ಫಿಯರೆನ್ಸ್. ಚೆಂಡು ಹಿಡಿಯಲು ಹೊರಟವನನ್ನು ಅಡ್ಡ ತಡೆದ ಅಂತ. ಇಂಟರ್‌ಸೆಪ್ಷನ್ ರದ್ದು, ಚೆಂಡು ಮತ್ತೆ ಜಾರ್ಜಿಯಾಗೆ.

ಅಲ್ಲಿ ಕೂತಿದ್ದವರು ಲಕ್ಷಕ್ಕಿಂತ ಜಾಸ್ತಿ ಜನ. ವಿದ್ಯಾರ್ಥಿಗಳ ಕಡೆಯಿಂದ ಬಾಟಲಿಗಳು ಬೀಳೋಕೆ ಶುರುವಾದವು. ಕೋಚ್ ಸ್ಟೀವ್ ಸಾರ್ಕಿಸಿಯನ್ ತಾವೇ ಆ ಕಡೆ ಹೋಗಿ, ನಿಲ್ಲಿಸಿ ಅಂತ ಕೇಳಿಕೊಳ್ಳಬೇಕಾಯಿತು. ಆಟ ನಿಂತಿತು. ಮೈದಾನ ಕ್ಲೀನ್ ಮಾಡುವ ಹೊತ್ತಿನಲ್ಲಿ ಅಫಿಷಿಯಲ್‌ಗಳು ಒಂದು ಕಡೆ ಸೇರಿ ಮಾತಾಡಿದರು. ಫೌಲ್ ಇಲ್ಲ ಅಂದರು. ಚೆಂಡು ನಮ್ಮದಾಯಿತು. ಸ್ವಲ್ಪ ಹೊತ್ತಿಗೆ ಟಚ್‌ಡೌನ್, 15–23. ಕೊನೆಗೆ 15–30ಕ್ಕೆ ಸೋತೆವು, ಅದು ಬೇರೆ ಕಥೆ.

ರಿಪ್ಲೇ ನೋಡಿದರೆ ಅದು ಫೌಲ್ ಅಲ್ಲವೇ ಅಲ್ಲ. ಫ್ಲ್ಯಾಗ್ ಹಾಕಿದವರೇ ತಪ್ಪಾಯಿತು ಅಂದರು ಅಂತ ಎರಡೂ ಟೀಮ್ ಆಡುವ ಲೀಗ್ ಎಸ್‌ಇಸಿ ಕೂಡ ಹೇಳಿತು. ಆದರೂ ಆ ತಪ್ಪು ತೀರ್ಪೇ ನಿಲ್ಲಬೇಕಿತ್ತು ಅನ್ನೋದು ನನ್ನ ವಾದ. ಬಾಟಲಿ ಬೀಳದಿದ್ದರೆ ಅವರಿಗೆ ಮಾತಾಡಲು ಅಷ್ಟು ಸಮಯವೇ ಸಿಗುತ್ತಿರಲಿಲ್ಲ. ಟೀಮ್‌ನಲ್ಲಿ ಎಲ್ಲರೂ ನನ್ನನ್ನು ಜಾರ್ಜಿಯಾ ಏಜೆಂಟ್ ಅಂತಾರೆ. ನಿಮಗೆ ಏನನ್ನಿಸುತ್ತದೆ?

ಪವಾಯಿ ಬುಲ್‌ಡಾಗ್:

ಒಬ್ಬ ಟೆಕ್ಸಸ್ ಫ್ಯಾನ್ ಬಾಯಲ್ಲಿ ಈ ಮಾತು ಬಂತಲ್ಲ, ಸಾಕು ನನಗೆ. ನಾನು ಎಂ.ಎಸ್. ಮಾಡಿದ್ದು ಅಥೆನ್ಸ್‌ನಲ್ಲಿ, ಅಂದರೆ ಜಾರ್ಜಿಯಾ ಯೂನಿವರ್ಸಿಟಿಯಲ್ಲಿ. ಆ ಬೆಳಿಗ್ಗೆ ನನ್ನ ಕಿರುಚಾಟಕ್ಕೆ ಅತ್ತೆ ಎದ್ದು ಬಂದು ಏನಾಯ್ತಮ್ಮಾ ಅಂತ ಕೇಳಿದರು. ಏನಂತ ಹೇಳಲಿ?

ನಮ್ಮ ಕೋಚ್ ಕರ್ಬಿ ಸ್ಮಾರ್ಟ್ ಮ್ಯಾಚ್ ಮುಗಿದ ಮೇಲೆ ಇದನ್ನೇ ಹೇಳಿದರು. ಮೈದಾನಕ್ಕೆ ಸಾಮಾನು ಎಸೆದರೆ ತೀರ್ಪು ಬದಲಾಗಬಹುದು ಅಂತ ಈಗ ಎಲ್ಲರಿಗೂ ತೋರಿಸಿಕೊಟ್ಟ ಹಾಗಾಯಿತು ಅಂತ. ಅದರಲ್ಲಿ ಏನು ತಪ್ಪಿದೆ? ಎಸ್‌ಇಸಿ ಮಾಡಿದ್ದೇನು, ಎರಡೂವರೆ ಲಕ್ಷ ಡಾಲರ್ ದಂಡ. ನಮ್ಮ ದುಡ್ಡಲ್ಲಿ ಎರಡು ಕೋಟಿ ದಾಟುತ್ತದೆ. ವಿಡಿಯೋ ನೋಡಿ ಎಸೆದವರನ್ನು ಹುಡುಕಿ, ಆ ವರ್ಷದ ಆಟಗಳಿಗೆ ಒಳಗೆ ಬಿಡಬೇಡಿ ಅಂತಲೂ ಹೇಳಿತು. ಟೆಕ್ಸಸ್‌ನಂಥ ಶ್ರೀಮಂತ ಯೂನಿವರ್ಸಿಟಿಗೆ ಅದು ಯಾವ ಲೆಕ್ಕ? ಏಳು ಪಾಯಿಂಟ್ ಮಾತ್ರ ಅವರ ಹತ್ತಿರವೇ ಉಳಿಯಿತು.

ನಾವು ಗೆದ್ದೆವು, ಡಿಸೆಂಬರ್‌ನಲ್ಲಿ ಎಸ್‌ಇಸಿ ಫೈನಲ್‌ನಲ್ಲೂ ಓವರ್‌ಟೈಮ್‌ನಲ್ಲಿ 22–19ಕ್ಕೆ ಗೆದ್ದೆವು. ಹಾಗಾಗಿ ಈ ಮಾತು ತಣ್ಣಗಾಯಿತು. ಸೋತಿದ್ದರೆ ನೋಡಬೇಕಿತ್ತು.

ಕೋತ್ರೂಡ್ ರೂಲ್‌ಬುಕ್:

ಸ್ವಲ್ಪ ತಾಂತ್ರಿಕ ವಿಷಯ ಸೇರಿಸುತ್ತೇನೆ, ಇಲ್ಲದಿದ್ದರೆ ಬರೀ ಸಿಟ್ಟೇ ಆಗುತ್ತದೆ.

ಕಾಲೇಜ್ ಫುಟ್‌ಬಾಲ್‌ನಲ್ಲಿ ಪಾಸ್ ಇಂಟರ್‌ಫಿಯರೆನ್ಸ್ ಆಯಿತಾ ಇಲ್ಲವಾ ಅಂತ ವಿಡಿಯೋದಲ್ಲಿ ನೋಡಿ ತೀರ್ಮಾನಿಸುವ ಹಾಗಿಲ್ಲ. ಅಲ್ಲಿನ ಪ್ರೊಫೆಷನಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 2019ರ ಒಂದೇ ಸೀಸನ್‌ಗೆ ಅದನ್ನು ತಂದಿದ್ದರು. ಅದರ ಹಿಂದಿನ ಜನವರಿಯಲ್ಲಿ ಸೇಂಟ್ಸ್–ರ‍್ಯಾಮ್ಸ್ ಮ್ಯಾಚ್‌ನಲ್ಲಿ ಎಲ್ಲರಿಗೂ ಕಂಡ ಫೌಲ್ ಕೊಡದೆ ದೊಡ್ಡ ಗಲಾಟೆ ಆಗಿತ್ತು. ಒಂದು ವರ್ಷ ನೋಡಿ ಬೇಡ ಅಂತ ತೆಗೆದರು. ಆದರೆ ಅಫಿಷಿಯಲ್‌ಗಳು ತಮ್ಮತಮ್ಮಲ್ಲಿ ಮಾತಾಡಿ ಫ್ಲ್ಯಾಗ್ ವಾಪಸ್ ತಗೊಳ್ಳಬಹುದು. ಅದು ನಡೆಯುತ್ತಲೇ ಇರುತ್ತದೆ. ಪಕ್ಕದಲ್ಲಿದ್ದವನಿಗೆ ಇನ್ನೊಂದು ಕೋನದಿಂದ ಕಂಡಿರುತ್ತದೆ, ಬಂದು ಹೇಳ್ತಾನೆ. ಹಾಗಾಗಿ ಆಸ್ಟಿನ್‌ನಲ್ಲಿ ನಿಯಮ ಮುರಿದರು ಅಂತ ನಾನು ಹೇಳಲ್ಲ.

ಬೆಣ್ಣೆದೋಸೆಯವರೇ, ನಿಮ್ಮ ಟೆಕ್ಸಸ್ಸಿನದೇ ಇನ್ನೊಂದು ಮ್ಯಾಚ್ ಇಟ್ಟು ನೋಡಿ. 2025ರ ಜನವರಿ 1, ಪೀಚ್ ಬೌಲ್, ಅರಿಜೋನಾ ಸ್ಟೇಟ್ ಮೇಲೆ. 24–24, ಆಟ ಮುಗಿಯಲು ಸುಮಾರು ಒಂದು ನಿಮಿಷ. ಟೆಕ್ಸಸ್‌ನ ಮೈಕೆಲ್ ಟಾಫ್, ಚೆಂಡು ಹಿಡಿದ ಮೆಲ್ಕ್ವಾನ್ ಸ್ಟೋವಲ್‌ಗೆ ಹೆಲ್ಮೆಟ್‌ಗೆ ಹೆಲ್ಮೆಟ್ ತಾಗುವ ಹಾಗೆ ಗುದ್ದಿದ. ಟಾರ್ಗೆಟಿಂಗ್, ಅಂದರೆ ಹೀಗೆ ತಲೆಗೆ ಗುದ್ದಿದ ಫೌಲ್, ಕೊಟ್ಟಿದ್ದರೆ 15 ಯಾರ್ಡ್, ಮೇಲೆ ಆಟಗಾರ ಹೊರಗೆ. ಇದನ್ನಾದರೆ ವಿಡಿಯೋದಲ್ಲಿ ನೋಡಬಹುದು. ನೋಡಿದರು. ಟಾರ್ಗೆಟಿಂಗ್ ಅಲ್ಲ ಅಂದರು. ಅರಿಜೋನಾ ಸ್ಟೇಟ್ ಪಂಟ್ ಮಾಡಬೇಕಾಯಿತು, ಅಂದರೆ ಚೆಂಡನ್ನು ಒದ್ದು ಬಿಟ್ಟುಕೊಡಬೇಕಾಯಿತು, ಎರಡು ಓವರ್‌ಟೈಮ್ ಆದ ಮೇಲೆ ಟೆಕ್ಸಸ್ 39–31.

ನನ್ನ ಪ್ರಕಾರ ಅದು ಟಾರ್ಗೆಟಿಂಗೇ. ಆದರೆ ಅಲ್ಲಿ ನನ್ನ ಜಗಳ ತೀರ್ಪಿನ ಜೊತೆ ಮಾತ್ರ. ದಾರಿ ಸರಿಯಿತ್ತು. ಆಸ್ಟಿನ್‌ನದು ಪೂರ್ತಿ ಉಲ್ಟಾ. ತೀರ್ಪು ಸರಿ, ಅದಕ್ಕೆ ಬಂದ ದಾರಿ ಮಾತ್ರ ಗಂಟಲಲ್ಲಿ ಇಳಿಯಲ್ಲ.

ಇದಕ್ಕಿಂತ ದೊಡ್ಡ ತಪ್ಪು ಹಾಗೇ ಉಳಿದದ್ದೂ ಇದೆ. 1990ರಲ್ಲಿ ಕೊಲರಾಡೋಗೆ ಮಿಸೌರಿ ಮೇಲೆ ನಾಲ್ಕರ ಬದಲು ಐದು ಡೌನ್, ಅಂದರೆ ಚೆಂಡು ಮುಂದೆ ಒಯ್ಯುವ ಅವಕಾಶ, ಕೊಟ್ಟರು. ಐದನೆಯದರಲ್ಲಿ ಟಚ್‌ಡೌನ್, 33–31. ಆ ವರ್ಷ ಕೊಲರಾಡೋ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನೂ ಹಂಚಿಕೊಂಡಿತು. 1940ರಲ್ಲಿ ಕಾರ್ನೆಲ್‌ಗೂ ಇದೇ ಐದನೇ ಡೌನ್ ಸಿಕ್ಕಿ ಡಾರ್ಟ್‌ಮತ್ ಮೇಲೆ 7–3ಕ್ಕೆ ಗೆದ್ದಿತ್ತು. ಆಮೇಲೆ ಫಿಲ್ಮ್ ನೋಡಿದ ಕಾರ್ನೆಲ್‌ನವರೇ ಟೆಲಿಗ್ರಾಂ ಕಳಿಸಿ ಗೆಲುವು ಬಿಟ್ಟುಕೊಟ್ಟರು. ಹೀಗೆ ಮಾಡುವವರು ಈಗ ಸಿಗ್ತಾರಾ?

ಆಜಾದ್ ಮೈದಾನ್ ಅಂಪೈರ್:

ಈ ಹೆಲ್ಮೆಟ್ ಆಟ ನನಗೆ ಅಷ್ಟಾಗಿ ಗೊತ್ತಿಲ್ಲ, ಮಗ ನೋಡುತ್ತಾನೆ. ಆದರೆ ಅಂಪೈರಿಂಗ್ ಗೊತ್ತು. ಊರು ಕುಂದಾಪುರದ ಹತ್ತಿರ, ಇರುವುದು ಮುಲುಂಡ್. ಭಾನುವಾರ ಆದರೆ ಕ್ಲಬ್ ಮ್ಯಾಚ್‌ಗಳಲ್ಲಿ ಬಿಳಿ ಕೋಟು ಹಾಕಿ ನಿಲ್ಲುತ್ತೇನೆ. ಆಜಾದ್ ಮೈದಾನ ನೋಡಿದವರಿಗೆ ಗೊತ್ತು, ಒಂದು ಮ್ಯಾಚಿನ ಕವರ್ ಫೀಲ್ಡರ್ ಇನ್ನೊಂದು ಮ್ಯಾಚಿನ ಲಾಂಗ್ ಆನ್ ಬೆನ್ನಿಗೆ ತಾಗಿಕೊಂಡು ನಿಂತಿರುತ್ತಾನೆ. ಅಂಥ ಕಡೆ ಅಂಪೈರ್ ಮೇಲೆ ಒತ್ತಡ ಹಾಕುವವರಿಗೆ ಬರವಿಲ್ಲ.

ಕ್ರಿಕೆಟ್ ನಿಯಮದಲ್ಲಿ ಅಂಪೈರ್ ತನ್ನ ತೀರ್ಪು ಬದಲಿಸಬಹುದು. ಆದರೆ ಕೂಡಲೇ ಬದಲಿಸಬೇಕು. ಅದಕ್ಕೆ ಕಾರಣ ಇದೆ. ಮೊದಲ ಕೆಲವು ಸೆಕೆಂಡು ತಲೆಯಲ್ಲಿ ಇರುವುದು ಕಣ್ಣಿಗೆ ಕಂಡದ್ದು ಮಾತ್ರ. ಬ್ಯಾಟಿಗೆ ತಾಗಿತು ಅನಿಸಿದರೆ ಆಗಲೇ ಸ್ಕ್ವೇರ್ ಲೆಗ್ ಕಡೆ ಹೋಗಿ ಕೇಳುತ್ತೇನೆ. ಎರಡು ನಿಮಿಷ ಕಳೆದರೆ ಕಂಡದ್ದರ ಜೊತೆ ಕೇಳಿದ್ದೂ ಸೇರಿಕೊಳ್ಳುತ್ತದೆ. ಬೌಲರ್ ಗೊಣಗಿದ್ದು, ಟೆಂಟಿನಿಂದ ಕೂಗಿದ್ದು, ಎಲ್ಲಾ. ಆಮೇಲೆ ಬದಲಿಸಿದರೆ ಯಾವುದಕ್ಕೆ ಬದಲಿಸಿದೆ ಅಂತ ನನಗೇ ಹೇಳೋಕೆ ಬರುವುದಿಲ್ಲ.

ವಾಂಖೆಡೆಯಲ್ಲಿ 2022ರ ಏಪ್ರಿಲ್‌ನ ಡೆಲ್ಲಿ–ರಾಜಸ್ಥಾನ್ ಮ್ಯಾಚ್ ನೆನಪಿದೆಯಾ? ಕೊನೇ ಓವರ್‌ಗೆ 36 ಬೇಕು. ಪೊವೆಲ್ ಮೂರು ಸಿಕ್ಸ್ ಹೊಡೆದ. ಮೂರನೆಯದು ಎತ್ತರದ ಫುಲ್‌ಟಾಸ್, ನೋಬಾಲ್ ಕೊಡಲಿಲ್ಲ. ಪಂತ್ ಡಗೌಟಿನಿಂದ ಬ್ಯಾಟ್ಸ್‌ಮನ್‌ಗಳಿಗೆ ಬನ್ನಿ ಬನ್ನಿ ಅಂತ ಕೈ ಮಾಡಿದ. ಡೆಲ್ಲಿಯ ಸಹಾಯಕ ಕೋಚ್ ಪ್ರವೀಣ್ ಆಮ್ರೆ ಮೈದಾನಕ್ಕೇ ನಡೆದರು. ಅಂಪೈರ್‌ಗಳು ಬಗ್ಗಲಿಲ್ಲ. ನೋಬಾಲ್ ಹೌದೋ ಅಲ್ಲವೋ, ಆ ಹೊತ್ತಿನಲ್ಲಿ ಬಗ್ಗದೇ ಇದ್ದದ್ದೇ ಸರಿ. ಪಂತ್‌ಗೆ ಪೂರ್ತಿ ಮ್ಯಾಚ್ ಫೀ ದಂಡ, ಆಮ್ರೆಗೆ ದಂಡದ ಮೇಲೆ ಒಂದು ಮ್ಯಾಚ್ ನಿಷೇಧ. ಮುಂದಿನ ವರ್ಷ ಐಪಿಎಲ್‌ನಲ್ಲಿ ನೋಬಾಲ್, ವೈಡ್‌ಗೂ ರಿವ್ಯೂ ಕೇಳಬಹುದು ಅಂತ ಮಾಡಿದರು. ಬದಲಾವಣೆ ಆಗಬೇಕಾದ ಜಾಗ ಅದು.

ವಾಕಡ್ ಬೆಣ್ಣೆದೋಸೆ:

ಅಂಪೈರ್ ಸರ್, ನನ್ನ ತಲೆಯಲ್ಲಿ ಇದ್ದದ್ದು ಇದೇ, ಹೇಳಲು ಬರುತ್ತಿರಲಿಲ್ಲ. ಆದರೆ ನಮ್ಮ ಟೀಮ್ ಲೀಡ್ ಒಂದು ಮಾತು ಹೇಳ್ತಾನೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬಾಟಲಿ ಎಸೆದದ್ದು ಸ್ಟ್ಯಾಂಡಿನಲ್ಲಿದ್ದ ಹುಡುಗರು. ಬ್ಯಾರನ್ ನ್ಯಾಯವಾಗಿ ಚೆಂಡು ಹಿಡಿದ. ಯಾರೋ ಮಾಡಿದ ತಪ್ಪಿಗೆ ಅವನ ಆಟ ಯಾಕೆ ಕಿತ್ತುಕೊಳ್ಳಬೇಕು?

ಇನ್ನೊಂದು. ನಿಮ್ಮ ಮ್ಯಾಚ್‌ನಲ್ಲಿ ಹೀಗಾದರೆ ನೀವು ಏನು ಮಾಡ್ತೀರಿ?

ಪವಾಯಿ ಬುಲ್‌ಡಾಗ್:

ನಿಮ್ಮ ಲೀಡ್‌ಗೆ ಹೇಳಿ, 1996ರ ಈಡನ್ ಸೆಮಿಫೈನಲ್‌ನಲ್ಲಿ ಕಾಂಬ್ಳಿ ಬಾಟಲಿ ಎಸೆದಿದ್ದನಾ? ಅಳುತ್ತಾ ಹೊರಗೆ ನಡೆದ. 120ಕ್ಕೆ 8 ಇದ್ದಾಗ ಮ್ಯಾಚ್ ರೆಫರಿ ಕ್ಲೈವ್ ಲಾಯ್ಡ್ ಮ್ಯಾಚನ್ನು ಶ್ರೀಲಂಕಾಗೆ ಕೊಟ್ಟರು. ಜನ ಎಸೆದದ್ದಕ್ಕೆ ಆಡುವವರೇ ತೆರಬೇಕಾಗುತ್ತದೆ. ಇಲ್ಲದಿದ್ದರೆ ಎಸೆಯುವವರನ್ನು ತಡೆಯುವುದಕ್ಕೆ ಏನಿದೆ?

ಬ್ಯಾರನ್ ಬಗ್ಗೆ ಮಾತ್ರ ನನಗೂ ಪಾಪ ಅನಿಸುತ್ತದೆ. ಅವತ್ತು ಚೆನ್ನಾಗಿ ಆಡಿದ.

ಆಜಾದ್ ಮೈದಾನ್ ಅಂಪೈರ್:

ಲೀಡ್ ಹೇಳಿದ್ದರಲ್ಲಿ ಹುರುಳಿದೆ, ಸುಮ್ನೆ ತಳ್ಳಿಹಾಕಬೇಡಿ. ಆಟಗಾರನಿಗೆ ಅನ್ಯಾಯ ಆಗುತ್ತದೆ. ಆದರೆ ಅಂಪೈರ್ ಕಣ್ಣಿನ ತಪ್ಪಿನಿಂದ ಆಗುವ ಅನ್ಯಾಯ ಎರಡೂ ಕಡೆಗೆ ಬರುತ್ತದೆ, ಇವತ್ತು ನಿಮಗೆ, ನಾಳೆ ಅವರಿಗೆ. ಗದ್ದಲದಿಂದ ಆಗುವುದು ಯಾವಾಗಲೂ ಹೊರಗಿಂದ ಬಂದ ಟೀಮ್‌ಗೇ. ಬಾಟಲಿ ಹಿಡಿದು ಕೂತವರು ಊರಿನವರು ತಾನೇ?

ಏನು ಮಾಡುತ್ತೀರಿ ಅಂದಿರಲ್ಲ. ಏನಾದರೂ ಬೀಳೋಕೆ ಶುರುವಾದರೆ ಇನ್ನೊಬ್ಬ ಅಂಪೈರ್‌ನನ್ನು ಕರೆದು ಇಬ್ಬರೂ ಪಿಚ್ ನಡುವೆ ನಿಲ್ಲುತ್ತೇವೆ. ಇಬ್ಬರೂ ಕ್ಯಾಪ್ಟನ್‌ಗಳನ್ನು ಕರೆದು, ಕೊಟ್ಟ ತೀರ್ಪು ಇದು, ಮುಗಿಯಿತು ಅಂತ ಮೊದಲು ಹೇಳುತ್ತೇವೆ. ಸ್ಕೋರರ್ ಅದನ್ನು ಬರೆದುಕೊಳ್ಳಬೇಕು. ಅದಾದ ಮೇಲೆ ಆಟಗಾರರನ್ನು ಹೊರಗೆ ಕಳಿಸುತ್ತೇವೆ. ಆ ಬಿಡುವಿನಲ್ಲಿ ನಾವಿಬ್ಬರೂ ಮಾತಾಡುವುದು ಎಷ್ಟು ಓವರ್ ಕಳೆಯಿತು, ಬೆಳಕು ಎಷ್ಟಿದೆ, ಇಷ್ಟೇ. ಔಟ್ ಆಗಿತ್ತಾ ಇಲ್ಲವಾ ಅನ್ನೋ ಮಾತು ಎತ್ತುವ ಹಾಗಿಲ್ಲ. ತಪ್ಪು ಕೊಟ್ಟಿದ್ದೇನೆ ಅನಿಸಿದರೆ ಸಂಜೆ ರಿಪೋರ್ಟಿನಲ್ಲಿ ಬರೆಯುತ್ತೇನೆ.

ವಾಕಡ್ ಬೆಣ್ಣೆದೋಸೆ:

ಇದನ್ನು ಇಂಗ್ಲಿಷಿಗೆ ಮಾಡಿ ಸೋಮವಾರ ಆಸ್ಟಿನ್‌ನವರಿಗೆ ಓದಿ ಹೇಳುತ್ತೇನೆ. ಅಪ್ರೈಸಲ್ ಮುಗಿದ ಮೇಲೆ.