ಸಹಾಯ ಬೇಕು: ಸ್ಕ್ರ್ಯಾಪ್‌ಬುಕ್ ಕಾಗದಗಳನ್ನು ನಿಲ್ಲಿಸಿ ಇಡಬೇಕೇ, ಮಲಗಿಸಿ ಇಡಬೇಕೇ?

ನನ್ನ ಬಳಿ 12 ಇಂಚು ಉದ್ದ, ಅಷ್ಟೇ ಅಗಲದ ಸುಮಾರು 300 ಬಣ್ಣದ ಹಾಳೆಗಳಿವೆ. ಮೊದಲು ಒಂದರ ಮೇಲೊಂದು ಪೇರಿಸಿಟ್ಟಿದ್ದೆ. ತಳದ ಹಾಳೆ ಎಳೆದಾಗಲೆಲ್ಲ ಮೇಲಿನವುಗಳ ಮೂಲೆ ಮುದುಡುತ್ತಿತ್ತು. ಆಮೇಲೆ ಡಬ್ಬಿಗಳಲ್ಲಿ ನಿಲ್ಲಿಸಿದೆ. ಹುಡುಕುವುದೇನೋ ಸುಲಭವಾಯಿತು, ಆದರೆ ಎರಡೇ ತಿಂಗಳಲ್ಲಿ ತೆಳು ಹಾಳೆಗಳು ಬಿಲ್ಲಿನಂತೆ ಬಾಗಿವೆ. ಅಂಥದರ ಮೇಲೆ ಫೋಟೊ ಅಂಟಿಸಿದರೆ ಅಂಚು ಮೇಲೆದ್ದು ನಿಲ್ಲುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಪೆನ್ನು, ಇಂಕ್ ಪ್ಯಾಡ್‌ಗಳನ್ನು ಡ್ರಾಯರ್‌ನಲ್ಲಿ ಮಲಗಿಸಿದ್ದೇನೆ, ಅವುಗಳ ಚಿಂತೆಯಿಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟು: ಡಬ್ಬಿಯಲ್ಲಿ ನಡುನಡುವೆ ದಪ್ಪ ರಟ್ಟು ಕೊಟ್ಟು ಬಿಗಿಯಾಗಿ ತುಂಬಿದರೆ ಬಾಗುವುದು ನಿಲ್ಲುತ್ತದೆಯೇ? ಸಾಮಾನ್ಯ ರಟ್ಟಿನ ಆಮ್ಲದಿಂದ ಹಾಳೆ ಹಳದಿಯಾಗುವ ಭಯವೂ ಇದೆ. ಇಲ್ಲವೆಂದರೆ, ತೆಳು ಹಾಳೆಗಳಿಗಾಗಿಯೇ ಅಡ್ಡ ತಟ್ಟೆಗಳ ಕಪಾಟು ಮಾಡಿಸಲೇಬೇಕೇ? ಬಳಸಿ ನೋಡಿದವರು ದಯವಿಟ್ಟು ತಿಳಿಸಿ.