ಕಾರ್ ರೇಸ್ ಆರ್ಕೇಡ್ ಮೆಷಿನ್ ಬೂಟ್ ಆಗುತ್ತಿಲ್ಲ, ಬೋರ್ಡ್ ಬದಲಿಸಲೇಬೇಕಾ?

ಉಪ್ಪಳದವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಉಪ್ಪಳದಲ್ಲಿ ನಮ್ಮ ಮಾವನದ್ದು ಒಂದು ಸಣ್ಣ ಗೇಮ್ ಪಾರ್ಲರ್ ಉಂಟು. ಮೆಷಿನುಗಳನ್ನು ನೋಡಿಕೊಳ್ಳುವುದು ನಾನು. ಅದರಲ್ಲಿ ಸೀಟಿನಲ್ಲಿ ಕೂತು ಆಡುವ ಕಾರ್ ರೇಸ್ ಮೆಷಿನ್ ಒಂದಿದೆ, ಜಪಾನಿನ ಸೆಕೆಂಡ್‌ಹ್ಯಾಂಡ್. ಒಳಗೆ ಇರುವುದು ಪೆಂಟಿಯಮ್ 4 ಪಿಸಿಯೇ. ವಿಂಡೋಸ್ ಎಕ್ಸ್‌ಪಿ ಎಂಬೆಡೆಡ್, ಒಂದು ಹಾರ್ಡ್ ಡಿಸ್ಕ್, ಹಿಂದೆ ಸಿಕ್ಕಿಸಿದ, ಆಟಕ್ಕೆ ಬೀಗದ ಕೀ ಥರ ಇರುವ ಒಂದು ಯುಎಸ್‌ಬಿ ಡಾಂಗಲ್.

ಮಳೆಗಾಲದಲ್ಲಿ ಜನ ಕಡಿಮೆ ಎಂದು ಬಾಗಿಲು ಹಾಕಿದ್ದೆವು. ಈಗ ತೆರೆದು ಮೇನ್ ಸ್ವಿಚ್ ಹಾಕಿದರೆ ಮೇಲಿನ ಲೈಟ್ ಉರಿಯುತ್ತದೆ, ಮಾನಿಟರ್ ಆನ್ ಆಗುತ್ತದೆ, ಪಿಸಿ ಮಾತ್ರ ಸುಮ್ನೆ ಕೂತಿದೆ. ಮೊದಲು ಸ್ವಿಚ್ ಹಾಕಿದ ಕೂಡಲೇ ತಾನಾಗಿ ಶುರುವಾಗುತ್ತಿತ್ತು. ಬೋರ್ಡಿನ ಪವರ್ ಪಿನ್ ಎರಡನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿಸಿದರೆ ಫ್ಯಾನ್ ತಿರುಗುತ್ತದೆ, ಆದರೆ ಪರದೆ ಕಪ್ಪು. ನೋಡಲು ಬಂದ ಮೆಕ್ಯಾನಿಕ್ "ಬೋರ್ಡ್ ಹೋಗಿದೆ, ಯಾವುದಾದರೂ ಬೇರೆ ಪಿಸಿ ಹಾಕಿ ಡಿಸ್ಕ್ ಫಾರ್ಮ್ಯಾಟ್ ಮಾಡಿ ಕೊಡ್ತೇನೆ" ಎಂದು ಹೇಳಿ ಹೋದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಈ ಮೆಷಿನ್ ಆಡಲೆಂದೇ ಮಂಜೇಶ್ವರದಿಂದ ಮಕ್ಕಳು ಬರುತ್ತಾರೆ. ಎಂತ ಮಾಡುವುದು, ದಯವಿಟ್ಟು ತಿಳಿದವರು ಹೇಳಿ.

ಹೊಸೂರು ಬೆಂಚ್:

ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ ಅಣ್ಣ. ಆಟ ಇರುವುದೇ ಆ ಡಿಸ್ಕಿನಲ್ಲಿ. ಅದು ಹೋದರೆ ಎಲ್ಲೂ ಸಿಗುವುದಿಲ್ಲ.

ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ. ಒಂದು, ಮೇನ್ ಹಾಕಿದಾಗ ತಾನಾಗಿ ಶುರುವಾಗದೇ ಇರುವುದು. ಇನ್ನೊಂದು, ಶುರುವಾದರೂ ಚಿತ್ರ ಬಾರದೇ ಇರುವುದು. ಮೊದಲನೆಯದಕ್ಕೆ ನನ್ನ ಅನುಮಾನ ಸೀದಾ ಬೋರ್ಡಿನ ಸೆಟ್ಟಿಂಗ್ ಉಳಿಸುವ ಸಿಮಾಸ್ ಬ್ಯಾಟರಿ ಮೇಲೆ, ನಾಣ್ಯದ ಹಾಗಿರುವ 3 ವೋಲ್ಟಿನ ಸಿಆರ್ 2032. ಆರ್ಕೇಡ್ ಪಿಸಿಗೆ ಪವರ್ ಬಟನ್ ಒತ್ತುವವರು ಯಾರೂ ಇಲ್ಲ, ಅದಕ್ಕೇ ಪಿಸಿ ಶುರುವಾಗುವಾಗ ಮೊದಲು ಓಡುವ ಬಯಾಸ್‌ನಲ್ಲಿ "ಕರೆಂಟ್ ಬಂದ ಕೂಡಲೇ ಆನ್ ಆಗು" ಎಂದು ಸೆಟ್ ಮಾಡಿರುತ್ತಾರೆ. ಬ್ಯಾಟರಿ ಸತ್ತರೆ ಆ ಸೆಟ್ಟಿಂಗ್ ಅಳಿಸಿ ಹೋಗುತ್ತದೆ, ಬಯಾಸ್ ಡಿಫಾಲ್ಟಿಗೆ ಹೋಗುತ್ತದೆ, ಡಿಫಾಲ್ಟ್ ಸಾಮಾನ್ಯವಾಗಿ "ಆಫ್ ಆಗಿಯೇ ಇರು". ಬೋರ್ಡ್ ಚೆನ್ನಾಗಿದ್ದರೂ ಮೆಷಿನ್ ಸತ್ತ ಹಾಗೆ ಕಾಣುತ್ತದೆ. ತಿಂಗಳುಗಟ್ಟಲೆ ಮೇನ್ ಆಫ್ ಮಾಡಿಟ್ಟ ಮೆಷಿನುಗಳಲ್ಲಿ ಇದು ಜಾಸ್ತಿ, ಯಾಕೆಂದರೆ ಕರೆಂಟ್ ಇರುವವರೆಗೆ ಸ್ಟ್ಯಾಂಡ್‌ಬೈ 5 ವೋಲ್ಟ್ ಬ್ಯಾಟರಿಯ ಭಾರ ಹೊರುತ್ತದೆ.

ಈಗ ಮೀಟರ್ ಹಿಡಿಯಿರಿ. ಜಪಾನಿನ ಕರೆಂಟ್ 100 ವೋಲ್ಟ್. ಕ್ಯಾಬಿನೆಟ್ ತಳದಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇರಬೇಕು, ಅದರಿಂದ ಎಷ್ಟು ಹೊರಬರುತ್ತಿದೆ ನೋಡಿ. ಆಮೇಲೆ ಪಿಸಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್‌ನ ದೊಡ್ಡ ಕನೆಕ್ಟರಿನ ಹಿಂದಿನಿಂದ ಅಳೆಯಿರಿ. ಕಪ್ಪು ಪ್ರೋಬ್ ಕಪ್ಪು ವೈರಿಗೆ. ನೇರಳೆ ವೈರಿನಲ್ಲಿ ಪಿಸಿ ಆಫ್ ಇದ್ದರೂ 5 ವೋಲ್ಟ್ ಇರಲೇಬೇಕು. ಪಿಸಿ ಓಡುವಾಗ ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47. ಪಿಸಿ ಓಡುವಾಗಲೇ ಅಳೆಯಿರಿ. ಲೋಡ್ ಇಲ್ಲದೆ ಅಳೆದರೆ ಸೋತ ಎಸ್‌ಎಂಪಿಎಸ್ ಕೂಡ ಸರಿಯಾದ ನಂಬರ್ ತೋರಿಸುತ್ತದೆ.

ಚಿತ್ರಕ್ಕೆ ಒಂದು ಮಾತು. ಮೆಷಿನಿನ ಮಾನಿಟರನ್ನು ನಂಬಬೇಡಿ, ಸಾಧಾರಣ ವಿಜಿಎ ಮಾನಿಟರ್ ಸಿಕ್ಕಿಸಿ ನೋಡಿ. ಹಳೇ ಆರ್ಕೇಡ್ ಟ್ಯೂಬುಗಳಲ್ಲಿ ಹಲವು 15 ಕಿಲೋಹರ್ಟ್ಸ್‌ನವು. ಬಯಾಸ್ ಪರದೆ ಬರುವುದು 31ರಲ್ಲಿ, ಅದನ್ನು ಅವು ತೋರಿಸುವುದೇ ಇಲ್ಲ. ಬೋರ್ಡಿನ ಸ್ಪೀಕರ್ ಪಿನ್ನಿಗೆ ಒಂದು ಸಣ್ಣ ಬಜರ್ ಹಾಕಿ, ಬೀಪ್ ಹೇಗೆ ಬರುತ್ತದೆ ಹೇಳಿ. ಸಿಪಿಯು ಸುತ್ತಲಿನ ಕೆಪಾಸಿಟರುಗಳ ತಲೆ ಉಬ್ಬಿದೆಯಾ ಅದನ್ನೂ ನೋಡಿ.

ಟ್ಯೂಬ್ ಮಾನಿಟರಿನ ಹಿಂಭಾಗಕ್ಕೆ ಮಾತ್ರ ಕೈ ಹಾಕಬೇಡಿ, ಆಫ್ ಮಾಡಿದ ಮೇಲೂ ಸಾವಿರಾರು ವೋಲ್ಟ್ ಉಳಿದಿರುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನೂ ಬಿಚ್ಚಬೇಡಿ.

ಅಕ್ಕಲಕೋಟ ರಿಪೇರಿ:

ಮೇಲೆ ಹೇಳಿದ್ದು ಸರಿ ಅದ. ನಾನು ಡಿಸ್ಕಿನ ಬಗ್ಗೆ ಹೇಳತೇನಿ, ಯಾಕಂದ್ರ ಎಲ್ಲರೂ ಅಲ್ಲೇ ಕಳಕೊಳ್ತಾರ.

ಬೋರ್ಡಿಗೆ ಏನಾದರೂ ಮಾಡುವ ಮೊದಲು ಡಿಸ್ಕ್ ಬಿಚ್ಚಿ ಕಾಪಿ ತೆಗೆಯಿರಿ. ವಿಂಡೋಸ್ ಇರುವ ಬೇರೆ ಪಿಸಿಗೆ ಸಿಕ್ಕಿಸಿದರೆ ಅದು "ಇನಿಶಿಯಲೈಸ್ ಮಾಡಲಾ" ಅಥವಾ "ಫಾರ್ಮ್ಯಾಟ್ ಮಾಡಲಾ" ಎಂದು ಕೇಳಬಹುದು. ಎರಡಕ್ಕೂ ಬೇಡ ಅನ್ನಿ. ಅದಕ್ಕಿಂತ ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ಕಾಪಿ ಪ್ರೋಗ್ರಾಂ ಬಳಸುವುದೇ ಒಳ್ಳೆಯದು. ಓದಲಾಗದ ಜಾಗ ಬಂದರೆ ಅದು ಅಲ್ಲೇ ಸಿಕ್ಕಿಕೊಳ್ಳದೆ ಮುಂದೆ ಹೋಗಿ ಉಳಿದದ್ದನ್ನೆಲ್ಲ ತೆಗೆದು, ಕೊನೆಗೆ ವಾಪಸ್ ಬಂದು ಪ್ರಯತ್ನಿಸುತ್ತದೆ. ಯಾವುದು ಹಳೇ ಡಿಸ್ಕ್, ಯಾವುದು ಹೊಸದು ಅನ್ನುವುದನ್ನು ಸೀರಿಯಲ್ ನಂಬರ್ ನೋಡಿ ಖಾತ್ರಿ ಮಾಡಿಕೊಂಡು ಕಮಾಂಡ್ ಹೊಡೆಯಿರಿ, ಅದಲುಬದಲಾದರೆ ಎಲ್ಲ ಮುಗೀತು. ಕೆಲವು ಆರ್ಕೇಡ್ ಡಿಸ್ಕುಗಳಿಗೆ ಎಟಿಎ ಪಾಸ್‌ವರ್ಡ್ ಲಾಕ್ ಇರುತ್ತದೆ, ಅವು ಬೇರೆ ಪಿಸಿಯಲ್ಲಿ ಓದುವುದಿಲ್ಲ. ಓದದಿದ್ದರೆ ಡಿಸ್ಕ್ ಕೆಟ್ಟಿದೆ ಅಂತ ತಿಳಿದು ಬಿಸಾಡಬೇಡಿ.

ಬೇರೆ ಪಿಸಿ ಹಾಕುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಇಂಥ ಆರ್ಕೇಡ್ ಸಿಸ್ಟಮುಗಳನ್ನೇ ನೋಡಿ: ಟೈಟೋ ಟೈಪ್ ಎಕ್ಸ್ 2004ರದ್ದು, ಅದರಲ್ಲಿ ಎಕ್ಸ್‌ಪಿ ಎಂಬೆಡೆಡ್. ಸೆಗಾ ಲಿಂಡ್‌ಬರ್ಗ್ 2005ರದ್ದು, ಅದು ಪೆಂಟಿಯಮ್ 4 ಮೇಲೆ ಲಿನಕ್ಸ್. ಒಳಗೆ ನೋಡಿದರೆ ಪಿಸಿಯೇ, ಆದರೆ ಆಟ ಅದೇ ಬೋರ್ಡಿನ ಚಿಪ್‌ಸೆಟ್, ಅದೇ ಗ್ರಾಫಿಕ್ಸ್ ಕಾರ್ಡ್, ಅದೇ ಡಾಂಗಲ್ ಕೇಳುತ್ತದೆ. ಬೋರ್ಡ್ ನಿಜಕ್ಕೂ ಸತ್ತರೆ ಅದೇ ಮಾಡೆಲ್ ಹುಡುಕಬೇಕು.

ಇನ್ನೊಂದು. ಸ್ಟೀರಿಂಗ್, ಬಟನ್ ಕಡೆಗೆ ಹೋಗುವ ಜೆವಿಎಸ್ ಕೇಬಲ್ ನೋಡಲು ಯುಎಸ್‌ಬಿ ಥರಾನೇ ಇರುತ್ತದೆ, ಆದರೆ ಅದು ಯುಎಸ್‌ಬಿ ಅಲ್ಲ. ಬಿಚ್ಚುವ ಮೊದಲು ಪ್ರತಿ ಕೇಬಲ್ಲಿಗೆ ಟೇಪ್ ಹಚ್ಚಿ ಬರೆದಿಡಿ.

ಉಪ್ಪಳದವ:

ಇಬ್ಬರಿಗೂ ತುಂಬಾ ಉಪಕಾರ. ಅಳೆದು ನೋಡಿದೆ. ಟ್ರಾನ್ಸ್‌ಫಾರ್ಮರಿನಿಂದ 101 ವೋಲ್ಟ್, ಅದು ಸರಿ. ಬ್ಯಾಟರಿ 1.4! ನೇರಳೆ ವೈರ್ 5.02. ಹಳದಿ ಮಾತ್ರ ಪಿಸಿ ಓಡುವಾಗ 11.1ಕ್ಕೆ ಇಳಿಯುತ್ತದೆ. 230ರಲ್ಲಿ ಓಡುವ ಬೇರೆ ಎಸ್‌ಎಂಪಿಎಸ್ ತಂದು ಗೋಡೆಯ ಪ್ಲಗ್ಗಿಗೇ ಕೊಟ್ಟು ನೋಡಿದರೆ 12.1 ನಿಲ್ಲುತ್ತದೆ. ಆದರೂ ವಿಜಿಎ ಮಾನಿಟರಿನಲ್ಲಿ ಚಿತ್ರ ಇಲ್ಲ. ಬಜರ್ ಹಾಕಿದೆ, ಒಂದು ಉದ್ದ ಬೀಪ್, ಎರಡು ಗಿಡ್ಡ. ಬಯಾಸ್ ಚಿಪ್ಪಿನ ಮೇಲೆ ಅವಾರ್ಡ್ ಎಂದು ಬರೆದಿದೆ. ಸಿಪಿಯು ಪಕ್ಕ ಮೂರು ಕೆಪಾಸಿಟರ್ ತಲೆ ಉಬ್ಬಿವೆ. ಡಿಸ್ಕ್ ಪೂರ್ತಿ ಕಾಪಿ ಆಯಿತು, ಲಾಕ್ ಇರಲಿಲ್ಲ.

ಬದಿಯಡ್ಕದಿಂದ:

ಅವಾರ್ಡ್ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಅಂದರೆ ತೊಂದರೆ ಡಿಸ್‌ಪ್ಲೇ ಕಾರ್ಡಿನದ್ದು, ಅಂದರೆ ಗ್ರಾಫಿಕ್ಸ್ ಕಾರ್ಡಿನದ್ದು. ಬೋರ್ಡ್ ಬದುಕಿದೆ ಮಾರಾಯ್ರೇ! ಸಿಪಿಯು ಓಡುತ್ತಿದೆ, ರ‍್ಯಾಮ್ ಸಿಕ್ಕಿದೆ, ಅದಕ್ಕೇ ಬೀಪ್ ಕೊಟ್ಟು ಹೇಳುತ್ತಿದೆ.

ನಮ್ಮ ಊರಿನ ಮಳೆ ಗೊತ್ತಲ್ಲ. ಮತ್ತೆ ನಿಮ್ಮದು ಕಡಲ ಬದಿ, ಉಪ್ಪು ಗಾಳಿ. ಬಾಗಿಲು ಹಾಕಿದ ಕೋಣೆಯಲ್ಲಿ ತಂಪು ಹಿಡಿದು ಕಾರ್ಡಿನ ಕಾಲುಗಳಲ್ಲಿ ಹಸಿರು ಕಿಲುಬು ಕೂತಿರುತ್ತದೆ. ಕಾರ್ಡ್ ತೆಗೆದು ಪೆನ್ಸಿಲ್ ರಬ್ಬರಿನಿಂದ ಮೆಲ್ಲ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಸ್ಲಾಟಿಗೂ ಅದೇ ಆಲ್ಕೋಹಾಲ್ ಹಾಕಿ ಬ್ರಷ್ ಮಾಡಿ. ಪೂರ್ತಿ ಒಣಗಿದ ಮೇಲೆಯೇ ಕರೆಂಟ್ ಕೊಡಿ. ರ‍್ಯಾಮಿಗೂ ಇದನ್ನೇ ಮಾಡಿ ಬಿಡಿ, ಹೇಗೂ ಬಿಚ್ಚಿದ್ದೀರಿ.

ಕೆಪಾಸಿಟರ್ ಉಬ್ಬಿದ ಬೋರ್ಡ್ ಜಾಸ್ತಿ ದಿನ ಬರುವುದಿಲ್ಲ. ಅದೇ ಮಾಡೆಲಿನ ಹಳೇ ಬೋರ್ಡ್ ಒಂದು ತೆಗೆದಿಡಿ ಎಂದು ನನ್ನ ಸಲಹೆ.

ಹೊಸೂರು ಬೆಂಚ್:

ಆ ಹಳೇ ಬೋರ್ಡಿನಲ್ಲೂ ಅಷ್ಟೇ ವಯಸ್ಸಿನ ಕೆಪಾಸಿಟರ್ ಇರುತ್ತದೆ ಅಲ್ವಾ? 2000ರ ದಶಕದ ಮೊದಲ ಭಾಗದ ಎಷ್ಟೋ ಬೋರ್ಡುಗಳಲ್ಲಿ ಕೆಪಾಸಿಟರಿನ ಒಳಗಿನ ದ್ರವವೇ ಸರಿ ಇರಲಿಲ್ಲ, ಉಬ್ಬಿ ಸೋರುವುದು ಆಗ ಜಗತ್ತಿನ ತುಂಬಾ ಇತ್ತು. ದುಡ್ಡು ಕೊಟ್ಟು ಅದೇ ರೋಗ ಮನೆಗೆ ತರುವುದಕ್ಕಿಂತ ಇದನ್ನೇ ಸರಿ ಮಾಡಿ.

ಉಬ್ಬಿದ ಮೂರನ್ನು ಮಾತ್ರ ಅಲ್ಲ, ಆ ಸಾಲಿನ ಎಲ್ಲವನ್ನೂ ಬದಲಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ. 105 ಡಿಗ್ರಿಯದ್ದು, ಒಳರೋಧ ಕಡಿಮೆ ಇರುವ ಲೋ ಇಎಸ್‌ಆರ್ ಎಂದು ಕೇಳಿ ತರಬೇಕು. ಟಿವಿ ರಿಪೇರಿಯ ಸಾಧಾರಣ ಕೆಪಾಸಿಟರ್ ಸಿಪಿಯು ಪಕ್ಕ ನಿಲ್ಲುವುದಿಲ್ಲ. ನಾನು ಬೆಂಗಳೂರಿನ ಎಸ್‌ಪಿ ರೋಡಿನಿಂದ ತರುತ್ತೇನೆ. ಪಟ್ಟಿ ಇರುವ ಕಡೆ ಮೈನಸ್, ಕೀಳುವ ಮೊದಲು ಫೋಟೋ ತೆಗೆದಿಡಿ. ಬೋರ್ಡಿನ ಒಳಪದರದ ತಾಮ್ರ ಬಿಸಿಯನ್ನೆಲ್ಲ ಹೀರುತ್ತದೆ, 25 ವ್ಯಾಟಿನ ಐರನ್ ಸಾಲುವುದಿಲ್ಲ, 60 ಬೇಕು. ಹಳೇ ಜಾಯಿಂಟಿಗೆ ಸ್ವಲ್ಪ ಹೊಸ ಸೋಲ್ಡರ್ ಸೇರಿಸಿ ಕರಗಿಸಿದರೆ ಸಲೀಸಾಗಿ ಬರುತ್ತದೆ. ಬಲ ಹಾಕಿ ಎಳೆದರೆ ತೂತಿನ ಒಳಗಿನ ತಾಮ್ರವೇ ಕಿತ್ತು ಬರುತ್ತದೆ. ಕೈ ಕೂರದಿದ್ದರೆ ಇದಕ್ಕೆ ಮಾತ್ರ ಅನುಭವ ಇರುವವರನ್ನು ಹಿಡಿಯಿರಿ.

ಚಿತ್ರ ಬಂದ ಮೇಲೆ "ಸಿಮಾಸ್ ಚೆಕ್‌ಸಮ್ ಎರರ್, ಎಫ್1 ಒತ್ತಿ" ಎಂದು ನಿಲ್ಲುತ್ತದೆ, ಹೆದರಬೇಡಿ. ಕೀಬೋರ್ಡ್ ಹಾಕಿ ಬಯಾಸ್‌ಗೆ ಹೋಗಿ ತಾರೀಖು ಸರಿ ಮಾಡಿ. "ಹಾಲ್ಟ್ ಆನ್" ಅನ್ನುವಲ್ಲಿ "ನೋ ಎರರ್ಸ್" ಇಡಿ, ಇಲ್ಲದಿದ್ದರೆ ಕೀಬೋರ್ಡ್ ತೆಗೆದ ಕೂಡಲೇ ಮತ್ತೆ ಅಲ್ಲೇ ನಿಲ್ಲುತ್ತದೆ. ಕರೆಂಟ್ ಬಂದಾಗ ಆನ್ ಆಗುವ ಸೆಟ್ಟಿಂಗ್ ಹಾಕಿ. ವಿಂಡೋಸ್ ನೀಲಿ ಪರದೆ 0x7ಬಿ ಕೊಟ್ಟರೆ ಬಯಾಸ್ ಒಳಗಿನ ಡಿಸ್ಕ್ ಮೋಡ್ (ಬೋರ್ಡ್ ಡಿಸ್ಕನ್ನು ಓದುವ ರೀತಿ) ಕೂಡ ಡಿಫಾಲ್ಟಿಗೆ ಹೋಗಿದೆ ಎಂದರ್ಥ, ಅದನ್ನು ಬದಲಿಸಿ ನೋಡಿ.

ಉಪ್ಪಳದವ:

ಬಂತು! ಕಾರ್ಡ್ ಉಜ್ಜಿ ಹಾಕಿದ ಕೂಡಲೇ ಚಿತ್ರ ಬಂತು. ನೀವು ಹೇಳಿದ ಎಫ್1 ಬಂತು, ನೀಲಿ ಪರದೆಯೂ ಬಂತು, ಡಿಸ್ಕ್ ಮೋಡ್ ಬದಲಿಸಿದ ಮೇಲೆ ಆಟದ ಟೈಟಲ್ ಬಂತು. ಮಾವನಿಗೆ ಆದ ಖುಷಿ ಹೇಳಿ ಮುಗಿಯದು. ಕೆಪಾಸಿಟರ್ ಸಾಲನ್ನು ಮಂಗಳೂರಿನಲ್ಲಿ ಬೋರ್ಡ್ ಕೆಲಸ ಮಾಡುವವರ ಹತ್ತಿರ ಮಾಡಿಸಿದೆ. ಈಗ ಮೇನ್ ಹಾಕಿದರೆ ತಾನಾಗಿ ಶುರುವಾಗುತ್ತದೆ. ಕಾಪಿ ಮಾಡಿದ ಡಿಸ್ಕ್ ಹಾಕಿ ಓಡಿಸುತ್ತಿದ್ದೇನೆ, ಮೂಲ ಡಿಸ್ಕ್ ಕಪಾಟಿನಲ್ಲಿ ಇಟ್ಟಿದ್ದೇನೆ.

ಒಂದೇ ತೊಂದರೆ ಉಳಿದಿದೆ. ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತದೆ.

ಅಕ್ಕಲಕೋಟ ರಿಪೇರಿ:

ಭಾಳ ಚೊಲೋ ಆತು! ನಾಣ್ಯದ ಡಬ್ಬಿ ಬಾಗಿಲ ಒಳಗೆ ಟೆಸ್ಟ್ ಬಟನ್ ಇರುತ್ತದೆ, ಅದನ್ನು ಒತ್ತಿ ಇನ್‌ಪುಟ್ ಟೆಸ್ಟಿಗೆ ಹೋಗಿ. ಸ್ಟೀರಿಂಗನ್ನು ನಿಧಾನಕ್ಕೆ ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ. ನಂಬರ್ ಒಂದೇ ಸಮ ಏರಿದರೆ ಕ್ಯಾಲಿಬ್ರೇಶನ್ ಮಾಡಿದರೆ ಸಾಕು. ಮಧ್ಯೆ ಎಲ್ಲಾದರೂ ಹಾರಿದರೆ ಸ್ಟೀರಿಂಗ್ ಹಿಂದಿನ ಪಾಟ್ (ತಿರುಗಿಸಿದ ಹಾಗೆ ರೋಧ ಬದಲಾಗುವ ಭಾಗ) ಸವೆದಿದೆ, ಅದರ ಮೇಲೆ ಬರೆದ ಕಿಲೋಓಮ್ ನೋಡಿ ಅಷ್ಟೇ ಬೆಲೆಯದ್ದು, ಲೀನಿಯರ್ ಟೇಪರಿನದ್ದು (ರೋಧ ಒಂದೇ ಸಮ ಏರುವಂಥದ್ದು) ತರಬೇಕು.