ಅಧ್ಯಕ್ಷರ ಸಲಹೆಗಾರ ತಪ್ಪು ಮಾಡಿದರೆ ಕೇಳೋರು ಯಾರು?

ಪ್ರಶ್ನೆ: ನಮಸ್ಕಾರ ಮೇಡಂ. 2025ರಲ್ಲಿ ಇಲಾನ್ ಮಸ್ಕ್ ಅಮೆರಿಕದ ಅಧ್ಯಕ್ಷ ಟ್ರಂಪ್ ಅವರ ಸಲಹೆಗಾರರಾಗಿದ್ದರು. ಅವರ ಸ್ಪೇಸ್‌ಎಕ್ಸ್ ಕಂಪನಿಗೆ ಅದೇ ಸರ್ಕಾರದ ಗುತ್ತಿಗೆಗಳಿದ್ದವು. ಇದನ್ನು ತಡೆಯೋ ಕಾನೂನೇ ಇಲ್ವಾ?

ಉತ್ತರ (ವಕೀಲರು): ಇದೆ ಸರ್, ಗಟ್ಟಿಯಾಗಿಯೇ ಇದೆ. ಅವರು ‘ವಿಶೇಷ ಸರ್ಕಾರಿ ನೌಕರ’ ಆಗಿದ್ದರು. 365 ದಿನಗಳಲ್ಲಿ 130 ದಿನ ಮೀರದ ಕೆಲಸಕ್ಕೆ ಈ ನೇಮಕ. ಸಂಬಳ ತಗೊಳ್ಳದಿದ್ದರೂ ಹಿತಾಸಕ್ತಿ ಸಂಘರ್ಷದ ಕಾನೂನು ಬಿಡುವುದಿಲ್ಲ. ತನಗೋ, ಗಂಡ ಹೆಂಡತಿಗೋ, ಚಿಕ್ಕ ಮಕ್ಕಳಿಗೋ ಹಣದ ಲಾಭ ನಷ್ಟ ತರುವ ಸರ್ಕಾರಿ ವಿಷಯಕ್ಕೆ ಕೈ ಹಾಕಿದರೆ ಅದು ಅಪರಾಧ. 1 ವರ್ಷದವರೆಗೆ ಜೈಲು, ಬೇಕಂತಲೇ ಮಾಡಿದ್ದರೆ 5 ವರ್ಷದವರೆಗೆ. ಆದರೆ ಅಧ್ಯಕ್ಷರು, ಉಪಾಧ್ಯಕ್ಷರಿಗೆ ಈ ಕಲಂ ಅನ್ವಯಿಸುವುದಿಲ್ಲ.

ಪ್ರಶ್ನೆ: ಸಂಘರ್ಷ ಇದೆ ಅಂತ ತೀರ್ಮಾನಿಸೋರು ಯಾರು ಮತ್ತೆ?

ಉತ್ತರ: ನನಗೆ ಸಿಟ್ಟು ಬರುವುದೇ ಇಲ್ಲಿ. ಸಂಘರ್ಷ ಬಂದರೆ ಮಸ್ಕ್ ತಾವೇ ದೂರ ಸರಿಯುತ್ತಾರೆ ಅಂತ ಶ್ವೇತಭವನ 2025ರ ಫೆಬ್ರವರಿಯಲ್ಲಿ ಹೇಳಿತು. ಅವರ ಆಸ್ತಿ ವಿವರವನ್ನೂ ಗುಟ್ಟಾಗಿಡುವುದಾಗಿ ತಿಳಿಸಿತು. ವಿವರವೇ ಕಾಣದಿದ್ದರೆ ಜನ ಏನನ್ನು ಪ್ರಶ್ನಿಸಬೇಕು?

ಹಿಂದಿನ ಉದಾಹರಣೆ ನೋಡಿ. 2017ರಲ್ಲಿ ಸಲಹೆಗಾರ್ತಿ ಕೆಲಿಯಾನ್ ಕಾನ್ವೇ ಟಿವಿಯಲ್ಲಿ ಕೂತು, ಅಧ್ಯಕ್ಷರ ಮಗಳು ಇವಾಂಕಾ ಅವರ ಬ್ರ್ಯಾಂಡ್ ಕೊಳ್ಳಿ ಎಂದರು. ಸರ್ಕಾರಿ ನೈತಿಕತಾ ಕಚೇರಿ ಶಿಸ್ತುಕ್ರಮಕ್ಕೆ ಶಿಫಾರಸು ಮಾಡಿತು. ಶ್ವೇತಭವನ ಶಿಸ್ತುಕ್ರಮ ಕೈಗೊಳ್ಳಲಿಲ್ಲ. ಹುದ್ದೆಯಲ್ಲಿದ್ದುಕೊಂಡು ರಾಜಕೀಯ ಪ್ರಚಾರ ಮಾಡಬಾರದು ಅನ್ನುವ ಹ್ಯಾಚ್ ಕಾಯ್ದೆಯನ್ನು ಮತ್ತೆ ಮತ್ತೆ ಮುರಿದಿದ್ದಾರೆ, ಕೆಲಸದಿಂದ ತೆಗೆಯಿರಿ ಅಂತ 2019ರಲ್ಲಿ ಇನ್ನೊಂದು ಸರ್ಕಾರಿ ಸಂಸ್ಥೆಯೂ ಹೇಳಿತು. ಅವರು 2020ರವರೆಗೂ ಮುಂದುವರಿದರು. ಇಂಥವರ ವಿಷಯದಲ್ಲಿ ಈ ಸಂಸ್ಥೆಗಳು ಶಿಫಾರಸು ಮಾಡಬಹುದು, ಅಷ್ಟೇ. ಅಧ್ಯಕ್ಷರ ಆಪ್ತರನ್ನು ತೆಗೆಯೋ ಅಧಿಕಾರ ಅಧ್ಯಕ್ಷರದ್ದೇ.

ಪ್ರಶ್ನೆ: ಕೋರ್ಟ್‌ಗೆ ಹೋಗೋಕೂ ಆಗಲ್ವಾ?

ಉತ್ತರ: ಕ್ರಿಮಿನಲ್ ಕೇಸು ಹಾಕಬೇಕಾದ್ದು ನ್ಯಾಯ ಇಲಾಖೆ. ಅದೂ ಅಧ್ಯಕ್ಷರ ಕೈಕೆಳಗಿನದ್ದೇ, ಕ್ಷಮಾದಾನದ ಅಧಿಕಾರವೂ ಅವರದ್ದೇ. ಆದರೆ ಇಂಥ ಅಪರಾಧಕ್ಕೆ ಕೇಸು ಹಾಕಲು ಸಾಮಾನ್ಯವಾಗಿ 5 ವರ್ಷ ಕಾಲಾವಕಾಶ ಇರುತ್ತದೆ. ಕ್ಷಮಾದಾನ ಸಿಗದಿದ್ದರೆ ಮುಂದಿನ ಸರ್ಕಾರ ಬಂದು ಕೇಸು ಹಾಕಬಹುದು. ಇನ್ನೊಂದು ದಾರಿಯೂ ಇದೆ. ಈ ಕಲಮಿನಿಂದ ಯಾರಿಗಾದರೂ ವಿನಾಯಿತಿ ಪತ್ರ ಕೊಟ್ಟಿದ್ದರೆ, ಅದರ ಪ್ರತಿಯನ್ನು ಸಾರ್ವಜನಿಕರು ಕೇಳಿ ಪಡೆಯಬಹುದು. ಪತ್ರಕರ್ತರು ಮೊದಲು ಅದನ್ನೇ ಕೇಳಬೇಕು.